ಗಜ್ಜರಿಯ ಪಲ್ಯ

ಸಾಹಿತ್ಯ ಸಂಘದ ಮಾಸಪತ್ರಿಕೆಯಲ್ಲಿ ಪಲ್ಯದ ವಿಚಾರವನ್ನು ಬರೆಯಹೊರಟರೆ ಹುಬ್ಬು ಗಂಟಿಕ್ಕುವವರು ಇಲ್ಲದಿಲ್ಲ. ಆದರೆ ಕನ್ನಡದ ಹಿರಿಯರು ಅಡುಗೆಯನ್ನು ಗ್ರಂಥದಿಂದ ಹೊರಗಿಟ್ಟವರಲ್ಲ. 11ನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಪಾಕದ ವಿಚಾರಕ್ಕೂ ಎಡೆಗೊಟ್ಟನು, 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಹೆಸರಿನಿಂದಲೇ ಒಂದು ಪದ್ಯಕೃತಿಯನ್ನು ರಚಿಸಿದನು. ಆ ಮಹನೀಯರ ಬೆನ್ನ ಹಿಂದೆ ನಿಂತು ನಾನು ಹೇಳಲಿರುವುದು ಒಂದೇ ಒಂದು ಪಲ್ಯದ ಮಾತು. ಅದಕ್ಕೆ ಬೇಕಾದುದು ಗಜ್ಜರಿ, ಎಂದರೆ ಪೇಟೆಯವರು ಕ್ಯಾರೆಟ್ ಎನ್ನುವ ಬೇರು, ಹಸಿಯ ಬೆಣ್ಣೆ, ಎರಡು ಬಗೆಯ ಸೊಪ್ಪು, ಉಪ್ಪು, ನಾಲ್ಕು ಕಾಳು ಮೆಣಸು. ಮಾಡುವ ಕ್ರಮವನ್ನು ಹೇಳಲು ಐದು ನಿಮಿಷ ಸಾಕು. ಆದರೆ ಅದು ನಮ್ಮ ಮನೆಗೆ ಬಂದ ಬಗೆಯನ್ನು ಬಿಟ್ಟು ಕ್ರಮವನ್ನು ಮಾತ್ರ ಹೇಳುವುದು ನನ್ನಿಂದಾಗದು.

ನಮ್ಮದು ನಂದಿಬೆಟ್ಟದ ತಪ್ಪಲಿನ ಒಂದು ಹಳ್ಳಿ. ಮನೆಯಲ್ಲಿ ಎರಡು ಹಸುಗಳಿದ್ದುವು. ಮನೆಯ ಆಡಳಿತವೆಲ್ಲ ತಂದೆಯ ತಾಯಿಯಾದ ಅಜ್ಜಿಯದು. ಬೆಳಗಿನ ಜಾವದಲ್ಲಿ ಅವಳ ಕಡೆಗೋಲಿನ ಸದ್ದಿನಿಂದಲೇ ನಮಗೆಲ್ಲ ಎಚ್ಚರವಾಗುತ್ತಿದ್ದಿತು. ಹೆಪ್ಪಿಟ್ಟು ಕಡೆಯುವ ಮನೆಯೆಂದರೆ ಅಲ್ಲಿಯ ಮಕ್ಕಳು ಬೆಣ್ಣೆಯಲ್ಲಿಯೇ ಕೈತೊಳೆಯುತ್ತಿದ್ದರೆಂದು ಪೇಟೆಯ ಜನ ಭಾವಿಸುವುದುಂಟು. ನಿಜಸ್ಥಿತಿ ಬೇರೆ. ಕಡೆದ ಬೆಣ್ಣೆಯೆಲ್ಲ ಗಡಿಗೆಗೆ ಸೇರಿ, ವಾರಕ್ಕೊಮ್ಮೆ ಕಾದು ತುಪ್ಪವಾಗಿ, ಹದಿನೈದು ದಿನಕ್ಕೊಮ್ಮೆ ಚಿಕ್ಕಬಳ್ಳಾಪುರದಿಂದ ಬರುತ್ತಿದ್ದ ಶೆಟ್ಟರ ಡಬ್ಬವನ್ನು ಸೇರುತ್ತಿದ್ದಿತು. ದೇವರ ದೀಪಕ್ಕೆ ಒಂದು ಮಿಳ್ಳೆ, ಹಬ್ಬದ ಹೋಳಿಗೆಗೆ ಒಂದು ಮಿಳ್ಳೆ, ಮಿಕ್ಕುದೆಲ್ಲ ಹಣ. ಮಕ್ಕಳಾದ ನಮ್ಮ ಪಾಲಿಗೆ ಬಂದುದು ಬೆಣ್ಣೆ ತೆಗೆದ ಮಜ್ಜಿಗೆ. ಆ ಹಣದಲ್ಲಿ ಸ್ವಲ್ಪ ಭೂಕಂದಾಯಕ್ಕೆ ಹೋಗುತ್ತಿದ್ದಿತು; ಉಳಿದುದು, ಪೇಟೆಯ ಪ್ರೌಢಶಾಲೆಗೆ ಆಗತಾನೆ ಸೇರಿದ್ದ ನನ್ನ ಶುಲ್ಕಕ್ಕೆ ಮತ್ತು ಪುಸ್ತಕಗಳಿಗೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಅಜ್ಜಿಯ ಅಡುಗೆಯ ಮನೆಯಲ್ಲಿ ಗೆಡ್ಡೆಗೆಣಸುಗಳಿಗೆ ಕಟ್ಟುನಿಟ್ಟಾದ ನಿಯಮವಿದ್ದಿತು. ಸುವರ್ಣಗೆಡ್ಡೆ, ಸಾಮೆಗೆಡ್ಡೆ, ಗೆಣಸು ಇವು ಹಿಂದಿನಿಂದ ಬಂದುವು, ಒಳಗೆ ಬರಬಹುದು. ಆಲೂಗೆಡ್ಡೆ ಸೀಮೆಯದಾದರೂ ಸುತ್ತಣ ಹೊಲಗಳಲ್ಲೆಲ್ಲ ಬೆಳೆದು, ಹೇಗೋ ಬಾಗಿಲನ್ನು ದಾಟಿದ್ದಿತು. ಆದರೆ ಗಜ್ಜರಿಗೆ ಮಾತ್ರ ಅಪ್ಪಣೆಯಿರಲಿಲ್ಲ. ಅದನ್ನು ಅವಳು ‘ಸೀಮೆ ಮೂಲಂಗಿ’ ಎಂದೇ ಕರೆಯುತ್ತಿದ್ದಳು. ಬೆಳ್ಳುಳ್ಳಿ ನೀರುಳ್ಳಿಗಳೊಡನೆ ಸ್ಮೃತಿಯು ನಿಷೇಧಿಸಿದ ಗೃಂಜನವೆಂಬುದು ಇದೇ ಎಂದು ಪುರೋಹಿತರು ಹೇಳಿದ್ದರಂತೆ. ಗೃಂಜನವೆಂದರೆ ಕೆಲವರು ಗಜ್ಜರಿಯೆಂದೂ ಕೆಲವರು ಒಂದು ಜಾತಿಯ ಬೆಳ್ಳುಳ್ಳಿಯೆಂದೂ ಅರ್ಥಮಾಡುತ್ತಾರೆ. ಆ ಚರ್ಚೆಯೆಲ್ಲ ಅಜ್ಜಿಗೆ ಬೇಕಿರಲಿಲ್ಲ. ಸಂದೇಹವಿದ್ದಲ್ಲಿ ಬಿಡುವುದೇ ಲೇಸೆಂಬುದು ಅವಳ ನ್ಯಾಯ.

1957ರ ಬೇಸಗೆ ನಮ್ಮ ಕಡೆ ಬಹಳ ಒಣಗಿಹೋಗಿದ್ದಿತು. ಹಿತ್ತಿಲಿನ ಸೊಪ್ಪಿನ ಮಡಿಗಳು ಬರಿದಾಗಿದ್ದುವು. ಹಸುಗಳಿಗೆ ಒಣಹುಲ್ಲೇ ಗತಿ. ಆ ಬೇಸಗೆಯ ಮೊದಲಲ್ಲಿ ಐದು ವರ್ಷದ ನನ್ನ ತಂಗಿಗೆ ದಡಾರ ಬಂದು ಹೋಯಿತು. ಮಗು ಎದ್ದು ಓಡಾಡತೊಡಗಿತಾದರೂ ಊಟ ಸೇರದು. ಮಜ್ಜಿಗೆಯನ್ನ ಎರಡು ತುತ್ತು ತಿಂದರೆ ಅದೇ ಹೆಚ್ಚು. ಹೀಗೆ ಒಂದು ತಿಂಗಳು ಕಳೆದಿರಬಹುದು. ಒಂದು ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ನಡುಮನೆಯಲ್ಲಿ ತಾಯಿ ತಟ್ಟೆಗಳನ್ನು ಹಾಕಿದ್ದಳು. ತಂಗಿ ನೆಟ್ಟಗೆ ಬಂದು ನೀರಿನ ತಂಬಿಗೆಯನ್ನು ಎಡವಿ ಉರುಳಿಸಿದಳು. ಆಮೇಲೆ ಕುಳಿತು, ತನ್ನ ತಟ್ಟೆ ಎಲ್ಲಿದೆಯೆಂದು ನೆಲವನ್ನು ಕೈಯಿಂದ ತಡವತೊಡಗಿದಳು. ಮಕ್ಕಳೆಲ್ಲ ನಕ್ಕೆವು, ನಾನೂ ನಕ್ಕೆನು. ಅಜ್ಜಿ ನಗಲಿಲ್ಲ. ಒಂದು ಬೆಲ್ಲದ ಹೆಂಟೆಯನ್ನು ಅಂಗೈಯಲ್ಲಿಟ್ಟು ಮಗುವಿನ ಮುಂದೆ ಹಿಡಿದು, “ತೆಗೆದುಕೋ” ಎಂದಳು. ಮಗು ಬೆಲ್ಲವೆಂದು ಕೇಳಿ ಸಂತೋಷದಿಂದ ಕೈನೀಡಿತು. ಆ ಕೈ ಅಂಗೈಯಿಂದ ಒಂದು ಗೇಣು ಆಚೆ ಬರಿಯ ಗಾಳಿಯನ್ನು ಹಿಡಿಯಿತು.

ಮರುದಿನ ಬೆಳಗ್ಗೆ ಗಾಡಿ ಕಟ್ಟಿಸಿಕೊಂಡು ಪೇಟೆಯ ವೈದ್ಯರಲ್ಲಿಗೆ ಹೋದೆವು. ಶಾಲೆಗೆ ರಜವಾಗಿದ್ದುದರಿಂದ ನಾನೂ ಜೊತೆಗಿದ್ದೆನು. ವೈದ್ಯರು ಮಗುವಿನ ರೆಪ್ಪೆಯನ್ನು ಬಿಡಿಸಿ ನೋಡಿ, ಕಣ್ಣಿನ ಬಿಳಿಯ ಭಾಗದಲ್ಲಿ ನೊರೆಯೊಣಗಿದಂತಿದ್ದ ಒಂದು ಚಿಕ್ಕ ಮಚ್ಚೆಯನ್ನು ತಂದೆಗೆ ತೋರಿಸಿದರು. ಇದು ಇರುಳುಗುರುಡು, ಅಲಕ್ಷ್ಯ ಮಾಡಿದರೆ ಕಪ್ಪುಗುಡ್ಡೆಯ ಮೇಲಿನ ಪೊರೆ ಮೆತ್ತಗಾಗಿ ಹಗಲಿನ ನೋಟವೂ ಹೋದೀತು, ಹೋದ ಮೇಲೆ ಬಾರದು ಎಂದರು. ಬಳಿಕ ಅಜ್ಜಿಯ ಕಡೆಗೆ ತಿರುಗಿ, “ಮನೆಯಲ್ಲಿ ಹಸು ಇದೆಯೆ?” ಎಂದು ಕೇಳಿದರು.

“ಎರಡಿವೆ.”

“ಬೆಣ್ಣೆ?”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾರುತ್ತೇವೆ” ಎಂದಳು.

ವೈದ್ಯರು ಮತ್ತೇನೂ ಕೇಳದೆ ಮೀನೆಣ್ಣೆಯ ಸೀಸೆಯೊಂದನ್ನು ಮೇಜಿನ ಮೇಲಿಟ್ಟರು. ಅದು ಏನೆಂದು ತಿಳಿದೊಡನೆಯೇ ಅಜ್ಜಿ ಎದ್ದು ನಿಂತಳು. ಬೇರೆ ದಾರಿಯೇ ಇಲ್ಲವೆ ಎಂದು ಕೇಳುವಾಗ ಅವಳ ಧ್ವನಿ ನಡುಗುತ್ತಿದ್ದಿತು. ಇಂತಹ ಮನೆಗಳನ್ನು ಅವರು ಬಹಳ ನೋಡಿದ್ದರೆಂದು ತೋರುತ್ತದೆ, ಸಿಟ್ಟಾಗಲಿಲ್ಲ. “ಇದೆ. ಗಜ್ಜರಿ, ಹಸಿಯ ಸೊಪ್ಪು, ಬೆಣ್ಣೆ. ಮೂರೂ ಕೂಡಿ, ದಿನವೂ ಎರಡು ಹೊತ್ತು. ಹತ್ತು ದಿನದಲ್ಲಿ ಗುಣ ಕಾಣದಿದ್ದರೆ ಈ ಸೀಸೆಯನ್ನೇ ಕುಡಿಸುತ್ತೇನೆ, ಆಗ ನಿಮ್ಮ ಮಾತನ್ನು ಕೇಳುವುದಿಲ್ಲ” ಎಂದರು. ಸಂತೆಬೀದಿಯಲ್ಲಿ ಗಾಡಿ ನಿಲ್ಲಿಸಿ ಅಜ್ಜಿ ತಾನೇ ಇಳಿದು ಗಜ್ಜರಿಯನ್ನು ಆರಿಸಿ ಕೊಂಡಳು. ದಾರಿಯುದ್ದಕ್ಕೂ ಆ ಚೀಲ ಅವಳ ಮಡಿಲಿನಲ್ಲಿಯೇ ಇದ್ದಿತು. ಅವಳು ಒಂದು ಮಾತನ್ನೂ ಆಡಲಿಲ್ಲ.

ಇನ್ನು ಪಲ್ಯದ ಕ್ರಮ. ಒಳಗಿನ ಒಲೆಯಲ್ಲಿ ಅದನ್ನು ಮಾಡುವಂತಿರಲಿಲ್ಲ. ಹಿತ್ತಿಲಿನ ಜಗುಲಿಯ ಮೇಲೆ ಮೂರು ಕಲ್ಲುಗಳನ್ನು ಹೂಡಿ, ಬಳಪದ ಕಲ್ಲಿನ ಚಿಕ್ಕ ಮರಿಗೆಯೊಂದನ್ನು ಅದಕ್ಕೆಂದೇ ಬೇರೆಮಾಡಿದಳು. ತಾಯಿ ತಾನು ಮಾಡುತ್ತೇನೆಂದರೆ ಒಪ್ಪಲಿಲ್ಲ. ತಾನೇ ಕುಳಿತು ಮಾಡಿ, ಮುಗಿದೊಡನೆ ಬಾವಿಯ ಕಟ್ಟೆಗೆ ಹೋಗಿ ತಣ್ಣೀರು ಹೊಯ್ದುಕೊಂಡು ಮತ್ತೆ ಮಡಿಯುಟ್ಟು ಒಳಗೆ ಬರುತ್ತಿದ್ದಳು. ದಿನಕ್ಕೆ ಎರಡು ಪಲ್ಯವೆಂದರೆ ಎರಡು ಸ್ನಾನ ಹೆಚ್ಚು. ಆಗ ಅವಳಿಗೆ ಅರುವತ್ತೈದು ವರ್ಷ.

ಗಜ್ಜರಿ ಎಳೆಯದಾಗಿರಬೇಕು, ಬೆರಳಿಗಿಂತ ದಪ್ಪವಿರಬಾರದು. ಬಲಿತುದಾದರೆ ನಡುವಣ ಬಿಳಿಚಿದ ತಿರುಳು ನಾರಾಗಿರುತ್ತದೆ, ಅದನ್ನು ತೆಗೆಯಬೇಕು. ಸಿಪ್ಪೆಯನ್ನು ತೆಳ್ಳಗೆ ಹೆರೆದು, ಅಡಕೆಯ ಬಿಲ್ಲೆಯಂತೆ ಒಂದೇ ಸಮನಾಗಿ ಹೆಚ್ಚಬೇಕು. ಹೆಚ್ಚುಕಡಿಮೆಯಾದರೆ ಒಂದು ಬೆಂದು ಕರಗುವಾಗ ಇನ್ನೊಂದು ಹಸಿಯಾಗಿರುತ್ತದೆ. ಮರಿಗೆಗೆ ಹಾಕಿ, ಹೋಳುಗಳು ಅರ್ಧ ಮುಳುಗುವಷ್ಟು ಮಾತ್ರ ನೀರೆರೆದು, ಉಪ್ಪು ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿಯೂ ಸ್ವಲ್ಪ ನೀರಿಡಬೇಕು. ಏಳುವ ಹಬೆ ತಣ್ಣಗಿನ ತಟ್ಟೆಗೆ ತಾಕಿ ಮರಳಿ ಒಳಗೇ ಇಳಿಯುತ್ತದೆ. ಆದುದರಿಂದ ಕಡಮೆ ನೀರಿನಲ್ಲಿಯೂ ಸೀಯದು. ಬೆಂದ ನೀರನ್ನು ಬಸಿದು ಚೆಲ್ಲಬಾರದು. ಅದು ತಾನಾಗಿ ಇಂಗಿ, ಗಜ್ಜರಿಯ ಸಿಹಿಯೆಲ್ಲ ಒಂದು ತೆಳ್ಳನೆಯ ಪಾಕವಾಗಿ ಹೋಳುಗಳಿಗೆ ಅಂಟಬೇಕು. ಆ ಹದ ಬಂದೊಡನೆ ಮರಿಗೆಯನ್ನು ಕೆಂಡದಿಂದ ಇಳಿಸಬೇಕು. ಬಳಪದ ಕಲ್ಲು ಬಿಸಿಯನ್ನು ಬೇಗ ಬಿಡುವುದಿಲ್ಲ. ಆ ಬಿಸಿಯೇ ಮುಂದಿನ ಕೆಲಸಕ್ಕೆ ಸಾಕು. ಆಗ ನಿಂಬೆಯ ಗಾತ್ರದ ಬೆಣ್ಣೆಯ ಉಂಡೆಯನ್ನು ನಡುವೆ ಇಟ್ಟು ಮರಿಗೆಯನ್ನು ಕುಲುಕಿದರೆ ಪ್ರತಿಯೊಂದು ಹೋಳೂ ಹೊಳೆಯುತ್ತದೆ. ಬೆಣ್ಣೆಯನ್ನು ಉರಿಯ ಮೇಲೆ ಹಾಕಿದರೆ ಅದರಲ್ಲಿಯ ಹಾಲಿನ ಅಂಶ ಸೀದು ಕಹಿಯಾಗುತ್ತದೆ. ಹೀಗೆ ಹಾಕಿದರೆ ಬೆಣ್ಣೆಯ ಕಿಂಚಿತ್ತು ಹುಳಿ ಉಳಿದು ಗಜ್ಜರಿಯ ಅತಿಸಿಹಿಯನ್ನು ತಡೆಯುತ್ತದೆ. ಕೊನೆಗೆ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಒಂದು ಹಿಡಿ, ಸಬ್ಬಸಿಗೆಯ ಎಳೆಯ ಕುಡಿ ಅದರ ಅರ್ಧ, ಕುಟ್ಟಿದ ಮೆಣಸು. ಸಾಸುವೆಯ ಒಗ್ಗರಣೆಯಿಲ್ಲ, ತೆಂಗಿನ ತುರಿಯಿಲ್ಲ.

ತುಪ್ಪವನ್ನೇ ಹಾಕಬಾರದೆ ಎಂದು ತಾಯಿ ಕೇಳಿದುದಕ್ಕೆ ಅಜ್ಜಿ ಹೇಳಿದ ಉತ್ತರ ನನಗೆ ಚೆನ್ನಾಗಿ ನೆನಪಿದೆ. “ಕಾಸಿದರೆ ಅದು ಶೆಟ್ಟರ ಲೆಕ್ಕಕ್ಕೆ ಸೇರುತ್ತದೆ. ಕಾಸುವುದಕ್ಕೆ ಮೊದಲು ಅದು ಮಗುವಿನದು.”

ಈ ಪಲ್ಯವನ್ನು ಅಜ್ಜಿ ಒಮ್ಮೆಯೂ ಬಾಯಿಗಿಟ್ಟವಳಲ್ಲ. ನೈವೇದ್ಯದ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಉಪ್ಪು ಹುಳಿಗಳ ಹದವನ್ನು ಕಣ್ಣಿನಿಂದಲೂ ಮೂಗಿನಿಂದಲೂ ತಿಳಿಯಬೇಕು. ಆ ವಿದ್ಯೆ ಅವಳಿಗೆ ಐವತ್ತು ವರ್ಷದಿಂದ ಕೈಗತವಾಗಿದ್ದಿತು. ಆದರೆ ನೈವೇದ್ಯದ ಅಡುಗೆ ಕೊನೆಗೆ ಪ್ರಸಾದವಾಗಿ ಮಾಡಿದವರ ಎಲೆಗೂ ಬರುತ್ತದೆ. ಇದು ಹಾಗೆ ಬರುವಂತಿರಲಿಲ್ಲ. ರುಚಿಯೇ ತಿಳಿಯದ ಒಂದು ಪದಾರ್ಥವನ್ನು ಹಬೆಯ ವಾಸನೆಯೊಂದನ್ನೇ ನಂಬಿ ಅವಳು ಎರಡು ಹೊತ್ತು ಮಾಡಿದಳು. ಒಂದು ದಿನವೂ ಉಪ್ಪು ತಪ್ಪಲಿಲ್ಲ.

ತಪ್ಪಲಿಲ್ಲವೆಂಬುದು ನನಗೆ ಹೇಗೆ ತಿಳಿಯಿತೆಂದು ಓದುಗರು ಕೇಳಬಹುದು. ಪಲ್ಯ ತಂಗಿಗೆ ಮಾತ್ರ ಮೀಸಲಾಗಿದ್ದಿತು. ನನಗೆ ಆಗ ಹದಿಮೂರು ವರ್ಷ. ಬಿಸಿಯ ಬೆಣ್ಣೆಯ ವಾಸನೆ ಜಗುಲಿಯಿಂದ ನಡುಮನೆಗೆ ಬರುತ್ತಿದ್ದಿತು. ನನ್ನ ತಟ್ಟೆಯಲ್ಲಿ ಎಂದಿನ ಮಜ್ಜಿಗೆಯನ್ನ. ಮೂರನೆಯ ಸಂಜೆ ನಾನು ತಂಗಿಯ ಪಕ್ಕದಲ್ಲಿ ಕುಳಿತು, ಅವಳ ಬಟ್ಟಲಿನಿಂದ ಎರಡು ಹೋಳು ತೆಗೆದು ತಿಂದೆನು. ಅವಳಿಗೆ ಕಾಣಲಿಲ್ಲ. ಕಾಣುವುದಿಲ್ಲವೆಂದು ತಿಳಿದೇ ತೆಗೆದೆನು. ನಾಲ್ಕನೆಯ ಸಂಜೆಯೂ ಹಾಗೆಯೇ ಆಯಿತು. ಐದನೆಯ ಸಂಜೆ ಕೈ ಬಟ್ಟಲಿನಲ್ಲಿರುವಾಗ ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಬಯ್ಯಲಿಲ್ಲ, ಹೊಡೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಮರುದಿನ ಜಗುಲಿಯಿಂದ ಎರಡು ಬಟ್ಟಲುಗಳು ಬಂದುವು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಆ ಮೇಲೆ ಅನುಭವಿಸಿದ್ದಿಲ್ಲ.

ಒಂಬತ್ತನೆಯ ಸಂಜೆಯ ಮಾತು. ನನ್ನ ಬಟ್ಟಲು ನನ್ನ ಮುಂದೆಯೇ ಇದ್ದಿತು. ಆದರೂ ಅಭ್ಯಾಸಬಲದಿಂದಲೋ ಏನೋ ನನ್ನ ಕೈ ಪಕ್ಕಕ್ಕೆ ಸರಿಯಿತು. ಆ ಮಬ್ಬುಗತ್ತಲೆಯಲ್ಲಿ ತಂಗಿ ಥಟ್ಟನೆ ಬಟ್ಟಲನ್ನು ಎದೆಗವಚಿಕೊಂಡು, “ಅಜ್ಜೀ, ಅಣ್ಣ ನನ್ನ ಬಟ್ಟಲಿಗೆ ಕೈಹಾಕುತ್ತಾನೆ!” ಎಂದು ಕೂಗಿದಳು. ಮನೆಯೆಲ್ಲ ಒಂದು ಕ್ಷಣ ನಿಶ್ಶಬ್ದವಾಯಿತು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅಜ್ಜಿ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮೀನೆಣ್ಣೆಯ ಸೀಸೆ ನಮ್ಮ ಮನೆಗೆ ಬರುವ ಪ್ರಸಂಗ ಒದಗಲಿಲ್ಲ.

ಅಂದಿನಿಂದ ಶೆಟ್ಟರಿಗೆ ಹೋಗುತ್ತಿದ್ದ ತುಪ್ಪ ಅರ್ಧಕ್ಕಿಳಿಯಿತು. ಆ ವರ್ಷ ನನ್ನ ಶುಲ್ಕವನ್ನು ಎರಡು ತಿಂಗಳು ತಡವಾಗಿ ಕಟ್ಟಿದೆವು. ಕಟ್ಟುವವರೆಗೆ ಕೆಲವು ದಿನ ನಾನು ತರಗತಿಯ ಹೊರಗೆ ನಿಂತಿದ್ದುದೂ ಉಂಟು. ಕೊನೆಗೆ ಅಜ್ಜಿ ಹಿತ್ತಾಳೆಯ ಹಂಡೆಯೊಂದನ್ನು ಮಾರಿಸಿ ಹಣ ಕಳುಹಿಸಿದಳು. ಹೊರಗೆ ನಿಂತಾಗ ನನಗೆ ಅವಮಾನವಾಯಿತೆಂದು ಹೇಳಿದರೆ ಸುಳ್ಳಲ್ಲ. ಆದರೆ ಅಷ್ಟು ದಿನ ಒಳಗೆ ಕುಳಿತು ಓದಿದುದು ಯಾರ ಕಣ್ಣಿನ ಬೆಲೆಯಿಂದ ಎಂಬುದು ಆಗ ಹೊಳೆಯಲಿಲ್ಲ. ಅದು ತಿಳಿಯಲು ಮುಂದೆ ಬಹಳ ವರ್ಷ ಓದಬೇಕಾಯಿತು.

ಆ ಓದಿನಲ್ಲಿ ನನಗೆ ದೊರೆತ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇನೆ. ಗಜ್ಜರಿಗೆ ಬಣ್ಣ ಕೊಡುವ ವಸ್ತುವನ್ನು ಜರ್ಮನಿಯ ವಾಕೆನ್‌ರೋಡರ್ ಎಂಬ ವಿಜ್ಞಾನಿ 1831ರಲ್ಲಿ ಬೇರ್ಪಡಿಸಿ ಅದಕ್ಕೆ ಕ್ಯಾರೊಟಿನ್ ಎಂದು ಹೆಸರಿಟ್ಟನು. 1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಮೆಕಾಲಮ್ ಮತ್ತು ಡೇವಿಸ್ ಎಂಬವರು ಇಲಿಗಳನ್ನು ಸಾಕಿ ನೋಡಿ, ಹಂದಿಯ ಕೊಬ್ಬಿನಲ್ಲಿಯೂ ಆಲಿವ್ ಎಣ್ಣೆಯಲ್ಲಿಯೂ ಇಲ್ಲದ ಯಾವುದೋ ಒಂದು ಪೋಷಕಾಂಶ ಬೆಣ್ಣೆಯಲ್ಲಿದೆಯೆಂದು ಕಂಡರು. ಅದೇ ಇಂದಿನ ಎ ಜೀವಸತ್ವ. ಶರೀರವು ಕ್ಯಾರೊಟಿನ್ನನ್ನು ಈ ಜೀವಸತ್ವವಾಗಿ ಮಾರ್ಪಡಿಸಬಲ್ಲುದೆಂದು 1930ರಲ್ಲಿ ಇಂಗ್ಲೆಂಡಿನ ಥಾಮಸ್ ಮೂರ್ ತೋರಿಸಿದನು. ಕ್ಯಾರೊಟಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುವುದು. ಹಸಿಯ ಬೇರಿನಿಂದ ದೇಹಕ್ಕೆ ಸೇರುವುದು ಸ್ವಲ್ಪ, ಬೆಂದು ಜಿಡ್ಡು ಕೂಡಿದ ಬೇರಿನಿಂದ ಹೆಚ್ಚು. ಹಸುವಿನ ಬೆಣ್ಣೆಯ ಹಳದಿಯೂ ಇದೇ ಕ್ಯಾರೊಟಿನ್ನಿನ ಬಣ್ಣ; ಹಸುರು ಮೇವಿದ್ದಾಗ ಅದು ಏರುತ್ತದೆ, ಒಣಹುಲ್ಲಿನ ಬೇಸಗೆಯಲ್ಲಿ ಇಳಿಯುತ್ತದೆ. ದಡಾರವು ಮಗುವಿನ ಮೈಯಲ್ಲಿದ್ದ ಎ ಜೀವಸತ್ವದ ಸಂಗ್ರಹವನ್ನು ಬರಿದುಮಾಡುತ್ತದೆ. ಬರಿದಾದ ಮಡಿ, ಒಣಹುಲ್ಲು, ದಡಾರ, ಬೆಣ್ಣೆ ತೆಗೆದ ಮಜ್ಜಿಗೆ ಇವೆಲ್ಲ ನಮ್ಮ ಮನೆಯಲ್ಲಿ ಒಂದೇ ಬೇಸಗೆಯಲ್ಲಿ ಕೂಡಿದ್ದುವು.

ಎಲ್ಲಕ್ಕಿಂತ ನನ್ನನ್ನು ಕಲಕಿದುದು ಡೆನ್ಮಾರ್ಕಿನ ವೃತ್ತಾಂತ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದಲ್ಲಿ ಹಸುಗಳಿಗೆ ಕೊರತೆಯಿರಲಿಲ್ಲ, ಬೆಣ್ಣೆಗೂ ಕೊರತೆಯಿರಲಿಲ್ಲ. ಆದರೆ ಬೆಣ್ಣೆಗೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆ. ಅದು ಹಡಗು ಹತ್ತಿ ಹೋಗುತ್ತಿದ್ದಿತು; ಬಡವರ ಮಕ್ಕಳಿಗೆ ಕೆನೆ ತೆಗೆದ ಹಾಲು. ಆ ಮಕ್ಕಳ ಕಣ್ಣುಗಳು ಒಣಗಿ, ಕೆಲವರು ಕುರುಡರಾಗುತ್ತಿದ್ದುದನ್ನು ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಬ್ಲಾಕ್ ಎಂಬಾತ ಗಮನಿಸಿದನು. 1917ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಭಯದಿಂದ ರಫ್ತು ಕುಗ್ಗಿತು. ಬೆಣ್ಣೆ ದೇಶದಲ್ಲಿಯೇ ಉಳಿದು ಮನೆಮನೆಗೆ ಪಡಿತರವಾಗಿ ಹಂಚಲ್ಪಟ್ಟಿತು. 1918ರಲ್ಲಿ ಆ ರೋಗ ಬಹುಮಟ್ಟಿಗೆ ಕಾಣದಾಯಿತು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದುದು ಆ ದೇಶವಲ್ಲ, ಶೆಟ್ಟರ ತುಪ್ಪದ ಡಬ್ಬ. ಅಲ್ಲಿ ಒಂದು ದೇಶ ಮಾಡಿದುದನ್ನು ಇಲ್ಲಿ ಒಂದು ಮನೆ ಮಾಡಿತ್ತು. ಯಾರೂ ಕೆಟ್ಟವರಲ್ಲ. ಮಗನೊಬ್ಬ ಓದಲಿ ಎಂದು ಬೆಣ್ಣೆ ಮಾರಿದ ಅಜ್ಜಿಯನ್ನು ನಾನು ದೂಷಿಸಲಾರೆನು, ಓದಿದವನು ನಾನೇ. ಆದರೆ ಅಜ್ಜಿಗೆ ಯುದ್ಧ ಬೇಕಾಗಲಿಲ್ಲ, ಹಡಗು ನಿಲ್ಲಬೇಕಾಗಲಿಲ್ಲ. ವೈದ್ಯರ ಒಂದು ಪ್ರಶ್ನೆ ಸಾಕಾಯಿತು.

ಇನ್ನೊಂದು ವಿಚಾರವೂ ನನಗೆ ತಡವಾಗಿ ತಿಳಿಯಿತು. ಗಜ್ಜರಿ, ಕೊತ್ತಂಬರಿ, ಸಬ್ಬಸಿಗೆ ಈ ಮೂರೂ ಛತ್ರಿಯಂತೆ ಹೂಬಿಡುವ ಒಂದೇ ಸಸ್ಯಕುಲಕ್ಕೆ ಸೇರಿದುವು. ಫ್ರಾನ್ಸಿನಲ್ಲಿ ವಿಶಿ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ಪಲ್ಯವೊಂದಿದೆ: ಗಜ್ಜರಿಯ ಬಿಲ್ಲೆಗಳನ್ನು ಕೊಂಚ ನೀರಿನಲ್ಲಿ ಬೆಣ್ಣೆಯೊಡನೆ ಇಂಗಿಸಿ ಮೇಲೆ ಪಾರ್ಸ್ಲಿ ಸೊಪ್ಪನ್ನು ಉದುರಿಸುತ್ತಾರೆ. ಆ ಸೊಪ್ಪೂ ಇದೇ ಕುಲದ್ದು. ಹಿತ್ತಿಲ ಜಗುಲಿಯ ಮೂರು ಕಲ್ಲಿನ ಒಲೆಯ ಮುಂದೆ ಕುಳಿತವಳು ಬರಿಯ ವಾಸನೆಯ ಬಲದಿಂದ ಅದೇ ಕೂಟವನ್ನು ಕಂಡುಕೊಂಡಿದ್ದಳು. ಸೊಪ್ಪು ಅಲಂಕಾರವೂ ಆಗಿರಲಿಲ್ಲ. ಕೊತ್ತಂಬರಿಯ ಹಸುರಿನ ಹಿಂದೆಯೂ ಕ್ಯಾರೊಟಿನ್ ಹೇರಳವಾಗಿ ಅಡಗಿದೆ.

ಅಜ್ಜಿ 1969ರಲ್ಲಿ ತೀರಿಕೊಂಡಳು. ಮರುವರ್ಷ, 1970ರಲ್ಲಿ, ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವವನ್ನು ಕುಡಿಸುವ ಕಾರ್ಯಕ್ರಮವನ್ನು ಭಾರತ ಸರ್ಕಾರ ಆರಂಭಿಸಿತು. ಒಂದು ಚಮಚ ದ್ರವದಿಂದ ಆಗುವ ಕೆಲಸಕ್ಕೆ ಅವಳು ಎಷ್ಟು ಬಾರಿ ಬಾವಿಯ ಕಟ್ಟೆಗೆ ಹೋಗಿಬಂದಳೆಂದು ಎಣಿಸಿದವರಿಲ್ಲ.

ಈಗ ಆ ಬಳಪದ ಮರಿಗೆ ನನ್ನಲ್ಲಿದೆ. ತಂಗಿ ಬಂದಾಗಲೆಲ್ಲ ಪಲ್ಯವನ್ನು ನಾನೇ ಮಾಡುತ್ತೇನೆ. ನಾನು ಮೂರು ಬಾರಿ ರುಚಿ ನೋಡುತ್ತೇನೆ; ಆದರೂ ಒಮ್ಮೆ ಉಪ್ಪು ಮುಂದಾಗುತ್ತದೆ, ಒಮ್ಮೆ ಹಿಂದಾಗುತ್ತದೆ. ಎಪ್ಪತ್ತು ದಾಟಿದ ತಂಗಿ ಕನ್ನಡಕವನ್ನು ತೆಗೆದಿಟ್ಟು, ಒಂದು ಹೋಳನ್ನು ಬಾಯಿಗಿಟ್ಟು, “ಚೆನ್ನಾಗಿದೆ, ಆದರೆ ಅಜ್ಜಿಯದರ ಹಾಗಿಲ್ಲ” ಎನ್ನುತ್ತಾಳೆ. ಆ ಬೇಸಗೆಯ ಕತ್ತಲೆ ಅವಳಿಗೆ ನೆನಪಿಲ್ಲ. ತನಗೊಬ್ಬಳಿಗೆ ಬೆಣ್ಣೆ ದೊರೆಯುತ್ತಿದ್ದುದು ಮಾತ್ರ ನೆನಪಿದೆ. ಮೂರು ಸಂಜೆ ಅವಳ ಬಟ್ಟಲಿನಿಂದ ನಾನು ತೆಗೆದು ತಿಂದ ಸಂಗತಿಯನ್ನು ಇಷ್ಟು ವರ್ಷವಾದರೂ ಅವಳಿಗೆ ಹೇಳಿಲ್ಲ. ಈ ಪತ್ರಿಕೆ ಅವಳ ಮನೆಗೂ ಹೋಗುತ್ತದೆ.